‘ಲೈಫ್ ಈಸ್ ಬ್ಯೂಟಿಫುಲ್’ ಆಯ್ತು, ಮುಂದೆ ಯಾವುದು?

‘ಲೈಫ್ ಈಸ್ ಬ್ಯೂಟಿಫುಲ್’ ನೋಡಿ ಕಣ್ಣೊರೆಸಿಕೊಂಡವರೆಲ್ಲ ಕೇಳುವುದು ಇದನ್ನೇ: ಅದನ್ನು ನಿರ್ದೇಶಿಸಿ ನಟಿಸಿದ ಆ ರೊಬೆರ್ತೊ ಬೆನಿಗ್ನಿಯ ಬೇರೆ ಯಾವ ಸಿನಿಮಾ ನೋಡಲಿ? ಮೊದಲು ಹೆಸರು. ಇಟಾಲಿಯನ್‌ನಲ್ಲಿ ಜಿ, ಎನ್ ಕೂಡಿದರೆ ‘ನ್ಯ’, ಹಾಗಾಗಿ ಬೆನೀನ್ಯಿ. ಇನ್ನು ಸಿನಿಮಾ: ಮುಂದಕ್ಕಲ್ಲ, ಹಿಂದಕ್ಕೆ ಹೋಗಿ. 1991ರ ‘ಜಾನಿ ಸ್ಟೆಕ್ಕೀನೊ’ದಿಂದ ಶುರುಮಾಡಿ.

ದಾಂತೆ ಎಂಬ ಬಸ್ ಡ್ರೈವರ್ ನೋಡಲು ಥೇಟ್ ಒಬ್ಬ ಮಾಫಿಯಾ ಡಾನ್. ಗಂಡನ ಬದಲು ಇವನು ಸಾಯಲಿ ಅಂತ ಡಾನ್‌ನ ಹೆಂಡತಿ ಇವನನ್ನು ಸಿಸಿಲಿಯ ಪಲೆರ್ಮೊಗೆ ಕರೆಸಿಕೊಳ್ಳುತ್ತಾಳೆ. ಡಬಲ್ ಆಕ್ಟಿಂಗ್ ನಮಗೇನು ಹೊಸದಲ್ಲ ಬಿಡಿ. ನೋಡಬೇಕಾದ್ದು ಕಾರಿನ ದೃಶ್ಯ. ಊರು ತೋರಿಸುತ್ತಿರುವ ವಕೀಲ ಸಿಸಿಲಿಯ ಮೂರು ಪಿಡುಗುಗಳನ್ನು ಎಣಿಸುತ್ತಾನೆ. ಒಂದು, ಎಟ್ನಾ ಜ್ವಾಲಾಮುಖಿ. ಎರಡು, ಬರ. ಮೂರನೆಯದನ್ನು ಹೇಳಲೇ ನಾಚಿಕೆ, ಲೋಕದೆದುರು ನಮ್ಮ ಮಾನ ಕಳೆದದ್ದೇ ಅದು ಎಂದು ಎಳೆದೆಳೆದು ಕೊನೆಗೆ ಹೇಳುತ್ತಾನೆ: ಟ್ರಾಫಿಕ್! ದಾಂತೆ ಅದನ್ನೂ ನಂಬುತ್ತಾನೆ. ಮುಂದೆ ತನ್ನ ಮೇಲೆ ಗುಂಡು ಹಾರಿದಾಗ, ಬಾಳೆಹಣ್ಣು ಕದ್ದದ್ದಕ್ಕೆ ಈ ಊರಲ್ಲಿ ಇಷ್ಟು ದೊಡ್ಡ ಶಿಕ್ಷೆಯೇ ಅಂದುಕೊಳ್ಳುತ್ತಾನೆ.

ಆಡುವವರ ಅರ್ಥ ಒಂದು, ಕೇಳುವವನ ಅರ್ಥ ಇನ್ನೊಂದು; ಎರಡೂ ಅವರವರ ಲೆಕ್ಕದಲ್ಲಿ ಸರಿ. ಬೆನೀನ್ಯಿಯ ಹಾಸ್ಯದ ಕೀಲು ಇಲ್ಲಿದೆ. 1997ರ ‘ಲೈಫ್ ಈಸ್ ಬ್ಯೂಟಿಫುಲ್’ನಲ್ಲಿ ಅದೇ ಕೀಲನ್ನು ತಿರುಗಿಸಿದ. ಅಲ್ಲಿ ಅವನು ಗ್ವಿದೊ, ನಾಜಿ ಕ್ಯಾಂಪಿನಲ್ಲಿ ಪುಟ್ಟ ಮಗನಿಗೆ ಇದೆಲ್ಲ ಒಂದು ಆಟ ಎಂದು ನಂಬಿಸುವ ಅಪ್ಪ. ಜರ್ಮನ್ ಅಧಿಕಾರಿ ಕ್ಯಾಂಪಿನ ನಿಯಮಗಳನ್ನು ಗದರಿ ಹೇಳುವಾಗ ಒಂದಕ್ಷರ ಜರ್ಮನ್ ಬಾರದ ಗ್ವಿದೊ ಅನುವಾದಕ್ಕೆ ನಿಲ್ಲುತ್ತಾನೆ: ಮೊದಲು 1000 ಅಂಕ ಗಳಿಸಿದವರಿಗೆ ಟ್ಯಾಂಕ್ ಬಹುಮಾನ, ಅತ್ತರೆ, ಅಮ್ಮ ಬೇಕೆಂದರೆ, ಹಸಿವೆಂದರೆ ಅಂಕ ಹೋಯಿತು. ಅಧಿಕಾರಿಯ ಗತ್ತು, ಕೈಸನ್ನೆ ಎಲ್ಲ ಹಾಗೇ, ಮಾತು ಮಾತ್ರ ಬೇರೆ. ದಾಂತೆ ಗೊತ್ತಿಲ್ಲದೆ ತಪ್ಪು ತಿಳಿದ. ಗ್ವಿದೊ ಗೊತ್ತಿದ್ದೇ ತಪ್ಪು ತಿಳಿಸುತ್ತಾನೆ. ಎರಡರ ಚಿತ್ರಕಥೆಯಲ್ಲೂ ಜತೆಗಿದ್ದವರು ಲೇಖಕ ವಿಂಚೆಂಜೊ ಚೆರಾಮಿ. ‘ಲೈಫ್ ಈಸ್ ಬ್ಯೂಟಿಫುಲ್’ಗೆ 1999ರಲ್ಲಿ ಮೂರು ಆಸ್ಕರ್ ಬಂದವು: ವಿದೇಶಿ ಚಿತ್ರ, ನಟ, ಸಂಗೀತ.

ಎರಡನೆಯದಾಗಿ ಅಮೆರಿಕದ ನಿರ್ದೇಶಕ ಜಿಮ್ ಜಾರ್ಮುಶ್‌ನ ‘ಡೌನ್ ಬೈ ಲಾ’ (1986). ಲೂಯಿಸಿಯಾನಾದ ಕಿಟಕಿಯಿಲ್ಲದ ಜೈಲುಕೋಣೆ. ಕೈದಿಯಾದ ಬೆನೀನ್ಯಿ ಗೋಡೆಯ ಮೇಲೆ ಕಿಟಕಿ ಬರೆದು, ಇಂಗ್ಲಿಷಿನಲ್ಲಿ ‘ಕಿಟಕಿಯನ್ನು ನೋಡು’ ಅನ್ನಬೇಕೋ ‘ಕಿಟಕಿಯಿಂದ ನೋಡು’ ಅನ್ನಬೇಕೋ ಎಂದು ಕೇಳುತ್ತಾನೆ. ಈ ಸಂದರ್ಭದಲ್ಲಿ ಮೊದಲನೆಯದೇ ಸರಿ ಎಂದು ಸಿಗುವ ಉತ್ತರದಲ್ಲಿ ನಗುವೂ ಇದೆ, ಜೈಲೂ ಇದೆ.

ಇಟಾಲಿಯನ್ ಚಿತ್ರಗಳಾದರೆ ಡಬ್ ಆದದ್ದು ಮಾತ್ರ ಬೇಡ, ಮೂಲ ಧ್ವನಿ ಇಟ್ಟು ಸಬ್‌ಟೈಟಲ್ ಹಾಕಿಕೊಳ್ಳಿ. ಬೆನೀನ್ಯಿ ಬೆಳೆದದ್ದು ಇಟಲಿಯ ತೋಸ್ಕಾನ ಪ್ರಾಂತ್ಯದಲ್ಲಿ, ಪ್ರಾತೊ ಬಳಿಯ ವೆರ್ಗಾಯೊದಲ್ಲಿ, ಹಾಗಾಗಿ ನಾಲಗೆಯೂ ಅಲ್ಲಿಯದೇ. ಅಲ್ಲಿ ಸ್ವರಗಳ ನಡುವಿನ ‘ಕ’ ಜಾರಿ ‘ಹ’ ಆಗುತ್ತದೆ: ‘ಲಾ ಕಾಸಾ’ (ಮನೆ) ‘ಲಾ ಹಾಸಾ’. ‘ಇನ್ ಕಾಸಾ’ ಮಾತ್ರ ಹಾಗೇ ಉಳಿಯುತ್ತದೆ, ಹಿಂದೆ ವ್ಯಂಜನವಿದೆಯಲ್ಲ. ‘ಪಾಲು’ ‘ಹಾಲು’ ಆದ ಭಾಷೆಯ ನಮಗೆ ಇದು ಬೇಗ ಕಿವಿಗೆ ಬೀಳುತ್ತದೆ.

2002ರ ‘ಪಿನೋಕಿಯೊ’ ಬಿಟ್ಟುಬಿಡಿ. ಐವತ್ತರ ಗಂಡಸು ತಾನೇ ಮರದ ಹುಡುಗನಾಗಿ ಕುಣಿದ. ಅಮೆರಿಕದಲ್ಲಿ ಅದರ ಮೇಲೆ ಇಂಗ್ಲಿಷ್ ಡಬ್ಬಿಂಗ್ ಬೇರೆ. ಅದೇ ಕಥೆಯನ್ನು ಮತ್ತೆಯೋ ಗರ್ರೋನೆ 2019ರಲ್ಲಿ ಮಾಡಿದಾಗ ಬೆನೀನ್ಯಿ ಅಪ್ಪ ಜೆಪ್ಪೆತ್ತೊ ಆಗಿದ್ದಾನೆ. ಅದನ್ನು ನೋಡಿ.