ಅಪ್ಪನ ಕಿಟಕಿಯ ಗಾಳಿ

ಅಪ್ಪನ ಮಂಚ ಕಿಟಕಿಗೆ ಅಂಟಿಕೊಂಡೇ ಇದೆ. ಚಳಿಗಾಲ ಬಂತು ಅಂದರೆ ನಮ್ಮಿಬ್ಬರಿಗೂ ಅದೇ ಮಾತುಕತೆ. "ಅಪ್ಪಾ, ಮಂಚ ಆ ಗೋಡೆ ಕಡೆ ಸರಿಸಲಾ?" "ಬೇಡ ಕಣಮ್ಮ, ಓದೋಕೆ ಬೆಳಕು ಇಲ್ಲೇ ಚೆನ್ನಾಗಿರೋದು." ಅವರಿಗೀಗ 78 ವರ್ಷ. ಹಗಲಿನ ಬಹುಪಾಲು ಆ ಮಂಚದ ಮೇಲೆ, ಆ ಬೆಳಕಿನಲ್ಲೇ ಕಳೆಯುತ್ತಾರೆ. ಅದನ್ನು ಅವರಿಂದ ಕಿತ್ತುಕೊಳ್ಳೋಕೆ ನನಗೂ ಮನಸ್ಸಿಲ್ಲ.

ಹೋದ ಚಳಿಗಾಲದಲ್ಲಿ ಒಂದು ರಾತ್ರಿ ನೀರು ಕುಡಿಯಲು ಎದ್ದಾಗ ಅವರ ಕೋಣೆಗೆ ಇಣುಕಿದೆ. ಕಿವಿಗೆ ಮಫ್ಲರ್ ಸುತ್ತಿಕೊಂಡು, ಕಿಟಕಿಗೆ ಬೆನ್ನು ಮಾಡಿ ಮುದುಡಿ ಮಲಗಿದ್ದರು. ಎರಡು ಕಂಬಳಿ ಹೊದ್ದಿದ್ದರೂ ಭುಜ ಮುಟ್ಟಿದರೆ ತಣ್ಣಗಿತ್ತು. ಈ ಕಿಟಕಿಗೆ ಏನಾದರೂ ಮಾಡಲೇಬೇಕು ಅಂತ ಅವತ್ತೇ ತೀರ್ಮಾನಿಸಿದೆ.

ಮರುದಿನ ಕಂಡ ಕಂಡ ಸಂದಿಗೆಲ್ಲ ಅಗಲವಾದ ಟೇಪ್ ಮೆತ್ತಿದೆ. ವಾರದೊಳಗೆ ಅರ್ಧ ಕಿತ್ತು ಬಂತು, ಬಣ್ಣವೂ ಎದ್ದಿತು. ಚಳಿ ಮಾತ್ರ ಇದ್ದ ಹಾಗೇ ಇತ್ತು. ಗಾಳಿ ಎಲ್ಲಿಂದ ಬರುತ್ತಿದೆ ಅಂತ ಹುಡುಕದೆ ಕೈ ಹಾಕಿದ್ದೇ ತಪ್ಪು.

ಹುಡುಕೋದು ಕಷ್ಟವೇನಲ್ಲ. ಹೊರಗೆ ಗಾಳಿ ಜೋರಾಗಿದ್ದ ಒಂದು ಸಂಜೆ ಫ್ಯಾನ್ ಆರಿಸಿ, ಕೋಣೆ ಬಾಗಿಲು ಹಾಕಿ, ಪರದೆ ಪೂರ್ತಿ ಸರಿಸಿ, ಒಂದು ಊದುಬತ್ತಿ ಹಚ್ಚಿಕೊಂಡೆ. ಚೌಕಟ್ಟಿನ ಉದ್ದಕ್ಕೂ ಎರಡು ಬೆರಳಿನಷ್ಟು ದೂರ ಬಿಟ್ಟು ನಿಧಾನವಾಗಿ ಸರಿಸುತ್ತಾ ಹೋದೆ. ಹೊಗೆ ದಾರದ ಹಾಗೆ ನೆಟ್ಟಗೆ ಏಳುತ್ತಿತ್ತು. ಚಿಲಕದ ಕಡೆ, ಮೇಲಿನ ಮೂಲೆಗೆ ಬಂದಾಗ ಯಾರೋ ಊದಿದಂತೆ ಒಳಗೆ ಬಾಗಿತು. ಒಂದಂಗುಲ ಕೆಳಗೆ ತಂದೆ, ಮತ್ತೆ ನೆಟ್ಟಗಾಯಿತು. ಮೇಲೆ ಒಯ್ದೆ, ಮತ್ತೆ ಬಾಗಿತು. ಅಲ್ಲೊಂದು ಪೆನ್ಸಿಲ್ ಗುರುತು. ಹೀಗೇ ಆರು ಗುರುತು ಬಿದ್ದವು. ಅವುಗಳಲ್ಲಿ ಎರಡು, ಕದಕ್ಕೂ ಚೌಕಟ್ಟಿಗೂ ನಡುವೆ. ಮೂರು ಚೌಕಟ್ಟು ಗೋಡೆಗೆ ಸೇರುವಲ್ಲಿ, ಗಾರೆ ಬಿರುಕು ಬಿಟ್ಟ ಕಡೆ. ಇನ್ನೊಂದು ಗಾಜಿನ ಅಂಚಿನಲ್ಲಿ, ಹಳೆ ಪುಟ್ಟಿ ಒಣಗಿ ಉದುರಿದ ಜಾಗದಲ್ಲಿ. ನಾನು ಟೇಪ್ ಮೆತ್ತಿದ್ದರಲ್ಲಿ ಸರಿಯಾದ ಜಾಗ ಇದ್ದದ್ದು ಎರಡೇ.

ಊದುಬತ್ತಿ ಹೊಗೆ ಆಗದವರು ಕಾಗದದ ಪಟ್ಟಿ ಬಳಸಬಹುದು. ಕದಕ್ಕೂ ಚೌಕಟ್ಟಿಗೂ ನಡುವೆ ಪಟ್ಟಿ ಇಟ್ಟು ಚಿಲಕ ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಕದ ಅಲ್ಲಿ ಚೌಕಟ್ಟಿಗೆ ಒತ್ತುತ್ತಿಲ್ಲ ಎಂದರ್ಥ.

ಇಷ್ಟು ಸಣ್ಣ ಸಂದಿಯಿಂದ ಏನು ಮಹಾ ಗಾಳಿ ಬಂದೀತು ಅಂತ ಅನ್ನಿಸೋದು ಸಹಜ. ಒಮ್ಮೆ ಲೆಕ್ಕ ಹಾಕಿ ನೋಡಿ. ಕಿಟಕಿ 120 ಸೆಂಟಿಮೀಟರ್ ಎತ್ತರ, 90 ಸೆಂಟಿಮೀಟರ್ ಅಗಲ ಇದೆ ಅಂದುಕೊಳ್ಳಿ. ಸುತ್ತಳತೆ 420 ಸೆಂಟಿಮೀಟರ್. ಸುತ್ತಲೂ ಬರೀ 2 ಮಿಲಿಮೀಟರ್ ಸಂದಿ ಇದ್ದರೂ ಒಟ್ಟು 84 ಚದರ ಸೆಂಟಿಮೀಟರ್ ಆಗುತ್ತದೆ. ಅಂದರೆ ಗೋಡೆಯಲ್ಲಿ 9 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲದ ತೂತು ಇದ್ದಂತೆ. ಅಂಥ ತೂತನ್ನು ಯಾರಾದರೂ ಹಾಗೇ ಬಿಡುತ್ತಾರಾ?

ಕದಕ್ಕೆ ಫೋಮ್ ಪಟ್ಟಿ ಅಂಟಿಸುವ ಮೊದಲು ಸಂದಿ ಅಳೆಯಲೇಬೇಕು. ಮಗಳ ಆಟದ ಕ್ಲೇ ಸ್ವಲ್ಪ ತೆಗೆದುಕೊಂಡು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಚೌಕಟ್ಟಿಗಿಟ್ಟು ಕದ ಮುಚ್ಚಿದೆ. ತೆಗೆದಾಗ ಚಪ್ಪಟೆಯಾಗಿ ಬಂದ ಕ್ಲೇಯ ದಪ್ಪವೇ ಸಂದಿಯ ಅಳತೆ. ಬಿಜಾಗರಿ ಕಡೆ 2 ಮಿಲಿಮೀಟರ್, ಚಿಲಕದ ಮೇಲಿನ ಮೂಲೆಯಲ್ಲಿ 5! ಒಂದೇ ದಪ್ಪದ ಪಟ್ಟಿ ಎಲ್ಲ ಕಡೆಗೂ ಹಾಕಿದ್ದರೆ ಬಿಜಾಗರಿ ಕಡೆ ಕದ ಕೂರುತ್ತಲೇ ಇರಲಿಲ್ಲ. ಒತ್ತಿ ಒತ್ತಿ ಮುಚ್ಚಿದರೆ ಸ್ಕ್ರೂಗಳೇ ಸಡಿಲವಾಗುತ್ತವೆ.

ಆದರೆ ಒಂದೇ ಕದಕ್ಕೆ ಇಷ್ಟು ವ್ಯತ್ಯಾಸ ಯಾಕೆ? ಕದ ಜೋತುಬಿದ್ದಿತ್ತು. ಮೇಲಿನ ಬಿಜಾಗರಿಯ ಸ್ಕ್ರೂ ತಿರುಗಿಸಿದರೆ ಬಿಗಿಯಾಗದೆ ಸುಮ್ನೆ ಸುತ್ತುತ್ತಿತ್ತು, ಮರದ ತೂತು ಸವೆದುಹೋಗಿತ್ತು. ಸ್ಕ್ರೂ ತೆಗೆದು, ಮದ್ದು ಮುರಿದ ಎರಡು ಬೆಂಕಿಕಡ್ಡಿಗೆ ಮರದ ಅಂಟು ಸವರಿ ತೂತಿಗೆ ತೂರಿಸಿದೆ. ಹೊರಗೆ ಉಳಿದದ್ದನ್ನು ಮುರಿದು, ಅಂಟು ಒಣಗಿದ ಮೇಲೆ ಅದೇ ಸ್ಕ್ರೂ ಹಾಕಿದೆ. ಗಟ್ಟಿಯಾಗಿ ಕಚ್ಚಿಕೊಂಡಿತು. ಕದ ಮೇಲೆದ್ದು 5 ಇದ್ದ ಸಂದಿ 3ಕ್ಕೆ ಇಳಿಯಿತು. ಒಂದು ಪಟ್ಟಿಯನ್ನೂ ಅಂಟಿಸದೆ ಆದ ಕೆಲಸ ಇದು. ಹಾಗಾಗಿ ಯಾರಾದರೂ ಕೇಳಿದರೆ ಮೊದಲು ಬಿಜಾಗರಿ ನೋಡಿ ಅಂತಲೇ ಹೇಳುತ್ತೇನೆ.

ಉಳಿದದ್ದು ಬೇಗ ಮುಗಿಯಿತು. ಫೋಮ್ ಪಟ್ಟಿ ಒತ್ತಿ ಒತ್ತಿ ಬೇಗ ಚಪ್ಪಟೆಯಾಗುತ್ತದೆ. ಒಳಗೆ ಟೊಳ್ಳಿರುವ ರಬ್ಬರ್ ಪಟ್ಟಿ ಜಾಸ್ತಿ ದಿನ ಬಾಳುತ್ತದೆ, ನಾನು ಅದನ್ನೇ ಹಾಕಿದೆ. ಅಂಟಿಸುವ ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ ಪೂರ್ತಿ ಒಣಗಿಸಬೇಕು, ಧೂಳಿನ ಮೇಲೆ ಯಾವ ಅಂಟೂ ನಿಲ್ಲಲ್ಲ. ಗೋಡೆಯ ಬಿರುಕಿಗೆ ಅಕ್ರಿಲಿಕ್ ಸೀಲೆಂಟ್, ಅಂದರೆ ಸಂದಿ ಮುಚ್ಚುವ ಪೇಸ್ಟ್, ತುಂಬಿದೆ. ಸಿಲಿಕೋನ್ ಸೀಲೆಂಟ್ ಮೇಲೆ ಬಣ್ಣ ಕೂರುವುದಿಲ್ಲ, ಅದಕ್ಕೆ ಇದು. ಗಾಜಿನ ಅಂಚಿಗೆ ಹೊಸ ಪುಟ್ಟಿ. ಅಂದ ಹಾಗೆ, ನಿಮ್ಮದು ಜಾರುವ ಕಿಟಕಿಯಾದರೆ ಕೆಳಗಿನ ಹಳಿಯಲ್ಲಿ ಹೊರಮುಖವಾಗಿರುವ ಸಣ್ಣ ತೂತುಗಳನ್ನು ದಯವಿಟ್ಟು ಮುಚ್ಚಬೇಡಿ. ಮಳೆ ನೀರು ಹೊರಗೆ ಹೋಗಲು ಇರುವ ದಾರಿ ಅವು.

ಸಂಜೆ ಮತ್ತೆ ಊದುಬತ್ತಿ ಹಿಡಿದೆ. ಆರೂ ಗುರುತುಗಳ ಹತ್ತಿರ ಹೊಗೆ ಅಲುಗಾಡಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ, ಅಪ್ಪನನ್ನು ಕರೆದು ತೋರಿಸಿದೆ. ಬೆಳಗ್ಗೆ ಅಪ್ಪ ಹೇಳಿದ್ದು, "ಪರವಾಗಿಲ್ಲ ಕಣಮ್ಮ, ಆದ್ರೂ ಭುಜದ ಮೇಲೆ ಗಾಳಿ ಬೀಳ್ತಾನೇ ಇದೆ."

ಬೀಳ್ತಾ ಇದೆ. ಆ ಪದ ತಲೆಯಲ್ಲೇ ಉಳಿಯಿತು. ಅವತ್ತು ರಾತ್ರಿ ಊದುಬತ್ತಿಯನ್ನು ಚೌಕಟ್ಟು ಬಿಟ್ಟು ಗಾಜಿನ ನಟ್ಟನಡುವೆ ಹಿಡಿದೆ. ಹೊಗೆ ಒಂದಿಷ್ಟು ಮೇಲೆದ್ದು, ಗಾಜಿನ ಹತ್ತಿರ ಹೋಗಿ, ಅಲ್ಲಿಂದ ಗಾಜನ್ನೇ ಸವರಿಕೊಂಡು ಕೆಳಗಿಳಿಯಿತು. ಕಿಟಕಿಯ ಕಟ್ಟೆ ದಾಟಿ ದಿಂಬಿನ ಕಡೆಗೆ ಹರಿಯಿತು. ಅಪ್ಪ ಹೇಳಿದ್ದು ಅಕ್ಷರಶಃ ನಿಜ. ಆ ಗಾಳಿ ಹೊರಗಿನದಲ್ಲ, ಕೋಣೆಯದೇ. ತಣ್ಣನೆ ಗಾಜಿಗೆ ತಾಗಿ, ತಣ್ಣಗಾಗಿ, ಭಾರವಾಗಿ ಬೀಳುತ್ತಿತ್ತು. ಯಾವ ಸಂದಿ ಮುಚ್ಚಿದರೂ ಅದು ನಿಲ್ಲುವಂಥದ್ದಲ್ಲ. ಜೊತೆಗೆ ನಮ್ಮ ಮೈಯ ಬಿಸಿಯೂ ಎದುರಿಗಿರುವ ತಣ್ಣನೆ ಗಾಜಿನ ಕಡೆಗೆ ಹೋಗುತ್ತಲೇ ಇರುತ್ತದೆ. ಕೋಣೆ ಬೆಚ್ಚಗಿದ್ದರೂ ಕಿಟಕಿ ಪಕ್ಕ ಕೂತವರಿಗೆ ಚಳಿ ಅನ್ನಿಸೋದು ಇದಕ್ಕೇ.

ಇದಕ್ಕೆ ಬೇಕಾದದ್ದು ಇನ್ನೊಂದು ಪದರ. ಗಾಜಿಗೆ ಹೋಲಿಸಿದರೆ ಅಲುಗಾಡದೆ ನಿಂತ ಗಾಳಿಯಲ್ಲಿ ಬಿಸಿ ದಾಟುವುದು ಸುಮಾರು 40 ಪಟ್ಟು ಕಡಿಮೆ. ಎರಡು ಪದರ ಗಾಜು ಹಾಕಿ ನಡುವೆ ಗಾಳಿ ಹಿಡಿದಿಡುವ ಕಿಟಕಿಗಳ ಗುಟ್ಟು ಅದೇ. ನಾನು ಕಿಟಕಿಗೆ ಹಾಕುವ ತೆಳು ಪ್ಲಾಸ್ಟಿಕ್ ಫಿಲ್ಮ್ ತಂದೆ. ಚೌಕಟ್ಟಿನ ಸುತ್ತ ಎರಡೂ ಕಡೆ ಅಂಟುವ ಟೇಪ್ ಹಾಕಿ, ಫಿಲ್ಮ್ ಒತ್ತಿ ಅಂಟಿಸಿದೆ. ಮೊದಲಿಗೆ ಸುಕ್ಕು ಸುಕ್ಕಾಗಿ ನೋಡಲು ಬೇಜಾರಾಗುವಂತಿತ್ತು. ಮೂಲೆಯಿಂದ ಶುರುಮಾಡಿ ಹೇರ್ ಡ್ರೈಯರ್‌ನ ಬಿಸಿ ಗಾಳಿ ಹಿಡಿದಾಗ ಸುಕ್ಕು ಒಂದೊಂದೇ ಎಳೆದುಕೊಂಡು ಮಾಯವಾಯಿತು. ಕೊನೆಗೆ ಬೆರಳಿನಿಂದ ತಟ್ಟಿದರೆ ಟಪ್ ಅಂತ ಚರ್ಮವಾದ್ಯದ ಹಾಗೆ ಸದ್ದು. ಅಪ್ಪನ ಬೆಳಕು ಒಂದಿಷ್ಟೂ ಕಡಿಮೆಯಾಗಲಿಲ್ಲ. ಬಬಲ್ ರ‍್ಯಾಪ್ ಕೂಡ ಬೆಚ್ಚಗಿಡುತ್ತದೆ, ಗಾಜಿಗೆ ನೀರು ಚಿಮುಕಿಸಿ ಒತ್ತಿದರೆ ಸಾಕು, ಅಂಟಿಕೊಳ್ಳುತ್ತದೆ. ಆದರೆ ಆಚೆ ಏನೂ ಕಾಣಲ್ಲ. ಅದನ್ನು ಬಚ್ಚಲುಮನೆ ಕಿಟಕಿಗೆ ಹಾಕಿದೆ.

ಪರದೆಯ ವಿಷಯದಲ್ಲೂ ಒಂದು ಮಾತಿದೆ. ಮೇಲೂ ಕೆಳಗೂ ತೆರೆದಿದ್ದರೆ ಬೆಚ್ಚನೆ ಗಾಳಿ ಮೇಲಿನಿಂದ ಪರದೆಯ ಹಿಂದೆ ಹೋಗಿ, ತಣ್ಣಗಾಗಿ ಕೆಳಗಿನಿಂದ ಬರುತ್ತದೆ. ಹಾಗಾಗಿ ಪರದೆ ಕೆಳಗೆ ಕಟ್ಟೆಗೆ ತಾಗುವಷ್ಟು ಉದ್ದವಿರಲಿ. ಮೇಲೆ, ಸರಳಿನಿಂದ ಗೋಡೆಯವರೆಗೆ ಒಂದು ಹಲಗೆಯೋ ದಪ್ಪ ಬಟ್ಟೆಯೋ ಇರಲಿ. ಕೆಳಗೆ ಹೀಟರ್ ಇದ್ದರೆ ಅದರ ಮೇಲೆ ಮಾತ್ರ ಪರದೆ ಬೀಳಬಾರದು, ಬೆಂಕಿ ಹತ್ತುವ ಭಯ. ಬಿಸಿಲು ಬರುವ ಹೊತ್ತಿಗೆ ಪೂರ್ತಿ ಸರಿಸಿ, ಸಂಜೆ ಬಿಸಿಲು ಹೋದ ತಕ್ಷಣ ಎಳೆದುಬಿಡುತ್ತೇನೆ.

ಇಷ್ಟೆಲ್ಲ ಮುಚ್ಚಿದ ಕೋಣೆಯಲ್ಲಿ ಇದ್ದಿಲು, ಸೀಮೆಎಣ್ಣೆ, ಗ್ಯಾಸ್ ಯಾವುದನ್ನೂ ಬಿಸಿಗೆಂದು ಉರಿಸಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಗೊತ್ತೇ ಆಗದೆ ಜೀವ ಹೋಗುತ್ತದೆ. ಇದೊಂದು ವಿಷಯದಲ್ಲಿ ನಾನು ಯಾರಿಗಾದರೂ ಜೋರು ಮಾಡಿಯೇ ಹೇಳುತ್ತೇನೆ. ಅಪ್ಪನ ಕೋಣೆಯ ಇನ್ನೊಂದು ಸಣ್ಣ ಕಿಟಕಿಯನ್ನು ದಿನಾ ಹತ್ತು ನಿಮಿಷ ತೆರೆದಿಡುತ್ತೇನೆ. ಇಲ್ಲದಿದ್ದರೆ ಉಸಿರಿನ ತೇವ ಮೂಲೆಯಲ್ಲಿ ಬೂಷ್ಟು ಕಟ್ಟುತ್ತದೆ.

ದಿಂಬಿನ ಹತ್ತಿರ ಒಂದು, ಕೋಣೆಯ ಮಧ್ಯೆ ಒಂದು ಥರ್ಮಾಮೀಟರ್ ಇಟ್ಟು ನೋಡಿದ್ದೆ. ಮೊದಲು ಎರಡರ ನಡುವೆ 4 ಡಿಗ್ರಿ ವ್ಯತ್ಯಾಸ ಇತ್ತು. ಈಗ ಒಂದು ಡಿಗ್ರಿ.

ಮೊನ್ನೆ ಸಂಜೆ ಹಜಾರಕ್ಕೆ ಬಂದರೆ ಅಪ್ಪ ಒಂದು ಕೈಯಲ್ಲಿ ಊದುಬತ್ತಿ, ಇನ್ನೊಂದು ಕೈಯಲ್ಲಿ ಪೆನ್ಸಿಲ್ ಹಿಡಿದು ಅಲ್ಲಿನ ಕಿಟಕಿ ಹತ್ತಿರ ನಿಂತಿದ್ದರು. ಮೂರು ಗುರುತು ಆಗಲೇ ಹಾಕಿಯಾಗಿತ್ತು. "ಇಲ್ಲಿ ನೋಡಮ್ಮ, ಬಾಗ್ತಿದೆ" ಅಂದರು. ನಾನು ಮಗಳ ಕ್ಲೇ ಡಬ್ಬಿ ಹುಡುಕೋಕೆ ಒಳಗೆ ಹೋದೆ.