ಮೋಲಾ ಕೊಳ್ಳೋಕೆ ಗುನಾ ಯಾಲಾಕ್ಕೆ ಹೊರಟಿದ್ದೀರಾ?

ಪನಾಮಾದ ಕರಾವಳಿಯ ದ್ವೀಪಗಳ ಪ್ರದೇಶವಾದ ಗುನಾ ಯಾಲಾಕ್ಕೆ ಹೆಚ್ಚಿನವರು ಹೋಗುವುದು ಬೀಚಿಗೆ. ನಾವು ಹೋದದ್ದು ಮೋಲಾ ನೋಡಲು. ಅಲ್ಲಿನ ಮೂಲನಿವಾಸಿಗಳಾದ ಗುನಾ ಜನರ ಹೆಂಗಸರ ರವಿಕೆಯ ಮುಂದೆ ಒಂದು, ಹಿಂದೆ ಒಂದು ಹೊಲಿಯುವ ಚಿತ್ರದ ಬಟ್ಟೆ ಅದು. ನೀವೂ ಅದಕ್ಕೇ ಹೊರಟಿದ್ದರೆ ಮೊದಲು ಪನಾಮಾ ಸಿಟಿಯ ಕಾಸ್ಕೊ ವಿಯೆಹೊ ಎಂಬ ಹಳೇ ಪೇಟೆಯಲ್ಲಿರುವ ಮೋಲಾ ಮ್ಯೂಸಿಯಂ ನೋಡಿ. ಒಳ್ಳೆ ಕೆಲಸ ಯಾವುದು ಅಂತ ಕಣ್ಣಿಗೆ ಅಭ್ಯಾಸವಾಗುತ್ತದೆ.

ಸಿಟಿಯಿಂದ ಜೀಪು ಬೆಳಗಿನ ಜಾವವೇ ಹೊರಡುತ್ತದೆ. ದ್ವೀಪಗಳಿಗೆ ದೋಣಿ ಹತ್ತುವ ಕಾರ್ತಿ ದಕ್ಕೆಗೆ ಸುಮಾರು 3 ಗಂಟೆ, ಕೊನೆಗೆ ಬರೀ ಏರು, ಇಳಿ, ತಿರುವು. ವಾಂತಿ ಮಾತ್ರೆ ಮೊದಲೇ ನುಂಗಿ. ದಾರಿಯ ಗೇಟಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಪ್ರವೇಶ ಶುಲ್ಕ ಕಟ್ಟಬೇಕು. ದ್ವೀಪದಲ್ಲಿ ಎಟಿಎಂ, ಕಾರ್ಡು ನಂಬಿಕೊಳ್ಳಬೇಡಿ. 1, 5 ಡಾಲರಿನ ನೋಟು ಜಾಸ್ತಿ ಇರಲಿ.

ಇಲ್ಲಿ 300ಕ್ಕೂ ಹೆಚ್ಚು ದ್ವೀಪಗಳಿವೆ, ಜನ ಇರುವುದು ಕೆಲವದರಲ್ಲಿ ಮಾತ್ರ. ಟೂರಿನವರು ಸುಮ್ನೆ ತೆಂಗಿನಮರದ ದ್ವೀಪಕ್ಕೆ ಕರೆದೊಯ್ದು ಬಿಡುತ್ತಾರೆ. ಊರಿರುವ ದ್ವೀಪವೂ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ.

ನಮ್ಮ ಕೌದಿಯಲ್ಲಿ ತುಂಡುಗಳನ್ನು ಮೇಲೆ ಇಟ್ಟು ಹೊಲಿಯುತ್ತೇವೆ ಅಲ್ವಾ, ಇಲ್ಲಿ ಬಣ್ಣ ಹೊರಬರುವುದು ಹೆಚ್ಚಾಗಿ ಕತ್ತರಿಸುವುದರಿಂದ. ಬೇರೆ ಬೇರೆ ಬಣ್ಣದ ಬಟ್ಟೆಗಳನ್ನು ಒಂದರ ಮೇಲೊಂದು ಹಾಸಿ, ಮೇಲಿನದನ್ನು ಸಣ್ಣಗೆ ಸೀಳಿ, ಸೀಳಿದ ಅಂಚನ್ನು ಸೂಜಿಯ ಮೊನೆಯಿಂದಲೇ ಒಳಕ್ಕೆ ಮಡಚಿ, ಅದೇ ಬಣ್ಣದ ದಾರದಲ್ಲಿ ಹೊಲಿಗೆ ಕಾಣದ ಹಾಗೆ ಹೊಲಿಯುತ್ತಾರೆ. ಕಪ್ಪಿನ ಕೆಳಗಿಂದ ಕೆಂಪು ಗೆರೆ ಮೇಲೇಳುತ್ತದೆ. ಹಳೆಯ ವಿನ್ಯಾಸಗಳು ಮೈಮೇಲೆ ಬರೆದುಕೊಳ್ಳುತ್ತಿದ್ದ ಚಿತ್ತಾರದಿಂದ ಬಂದವು.

ಕೊಳ್ಳುವಾಗ ಅಂಚನ್ನೇ ನೋಡಿ. ಗೆರೆಗಳು ಸಣ್ಣಗೆ, ಒಂದೇ ಅಗಲಕ್ಕೆ ಇರಬೇಕು, ಎಳೆ ಬಿಟ್ಟಿರಬಾರದು. ಪದರ ಜಾಸ್ತಿ ಇದ್ದ ಮಾತ್ರಕ್ಕೆ ಒಳ್ಳೆಯದು ಅಂತಲ್ಲ, ಎರಡೇ ಪದರದ ಅಚ್ಚುಕಟ್ಟಾದ ತುಂಡು ನನಗೆ ಹೆಚ್ಚು ಹಿಡಿಸಿತು. ಸುತ್ತ ಹಳೆಯ ಹೊಲಿಗೆಯ ತೂತು, ಸ್ವಲ್ಪ ಮಾಸಿದ ಬಣ್ಣ ಇದ್ದರೆ ಅದು ಯಾರೋ ಉಟ್ಟ ರವಿಕೆಯಿಂದ ಬಿಚ್ಚಿದ್ದಿರಬಹುದು, ಅದೇನೂ ಕೊರತೆಯಲ್ಲ. ಜೋಡಿ ಸಿಕ್ಕಿದರೆ ಎರಡೂ ತಗೊಳ್ಳಿ. ಒಂದೇ ಥರ ಕಂಡರೂ ಚಿಕ್ಕಪುಟ್ಟ ವ್ಯತ್ಯಾಸ ಇರುತ್ತದೆ, ಅದನ್ನು ಹುಡುಕುವುದೇ ಮಜಾ. ವಾರಗಟ್ಟಲೆ ಹೊಲಿದದ್ದಕ್ಕೆ ಅರ್ಧ ಬೆಲೆ ಕೇಳಬೇಡಿ. ಫೋಟೋ ತೆಗೆಯುವ ಮುಂಚೆ ಕೇಳಿ, ಕಾಸು ಕೇಳಿದರೆ ಕೊಡಿ.

ಮೋಲಾವನ್ನು ಪ್ಲಾಸ್ಟಿಕ್ ಕವರಿನಲ್ಲಿ ಚೆನ್ನಾಗಿ ಸುತ್ತಿಡಿ. ವಾಪಸು ಬರುವ ದೋಣಿಯಲ್ಲಿ ಬ್ಯಾಗೂ ನೆನೆಯುತ್ತದೆ, ನೀವೂ ನೆನೆಯುತ್ತೀರಿ.