ಅರ್ಧಕ್ಕೆ ನಿಂತ ಮುಳ್ಳು

ಶ್ರೀನಿವಾಸಪುರದ ನೆಂಟರ ತೋಟದಿಂದ ಎರಡು ಕ್ರೇಟು ಮಾವಿನಹಣ್ಣು ಹೇರಿಕೊಂಡು ಕೋಲಾರಕ್ಕೆ ಮರಳುತ್ತಿದ್ದಾಗ, ನನ್ನ ಹಳೆಯ ಪೆಟ್ರೋಲ್ ವ್ಯಾನು ಎರಡು ಬಾರಿ ಮುಗ್ಗರಿಸಿ ರಸ್ತೆಬದಿಯಲ್ಲಿ ನಿಂತುಬಿಟ್ಟಿತು. ಮೀಟರಿನ ಮುಳ್ಳು ಅರ್ಧ ಟ್ಯಾಂಕ್ ತೋರಿಸುತ್ತಿದ್ದುದರಿಂದ ಪೆಟ್ರೋಲ್ ಮುಗಿದಿರಬಹುದೆಂಬ ಯೋಚನೆಯೇ ಬರಲಿಲ್ಲ; ಕಾರ್ಬುರೇಟರಿನಲ್ಲಿ ಕಸ ಕೂತಿರಬೇಕೆಂದು ಪೈಪು ಬಿಚ್ಚಿ ಊದುತ್ತ ಅರ್ಧ ಗಂಟೆ ಕಳೆದೆ. ಹತ್ತಿರದಲ್ಲಿ ಹಸು ಮೇಯಿಸುತ್ತಿದ್ದ ಹುಡುಗನೊಬ್ಬ ಬಂದು ವ್ಯಾನನ್ನು ಅಲುಗಾಡಿಸಿ, ಟ್ಯಾಂಕಿನ ಬಾಯಿಗೆ ಕಿವಿಗೊಟ್ಟು, “ಒಳಗೆ ಸದ್ದೇ ಇಲ್ಲ ಸಾರ್” ಎಂದ.

ಇದರಲ್ಲಿ ನನ್ನ ತಪ್ಪೂ ಇತ್ತು. ಹಿಂದಿನ ಮಳೆಗಾಲದಿಂದಲೂ ಟ್ಯಾಂಕ್ ತುಂಬಿಸಿದರೆ ಮುಳ್ಳು ಅರ್ಧವನ್ನು ದಾಟುತ್ತಿರಲಿಲ್ಲ. ಹಳೆಯ ಗಾಡಿಯ ಚಾಳಿ ಇದೆಂದು ಒಪ್ಪಿಕೊಂಡು, ಅರ್ಧವೆಂದರೆ ತುಂಬಿದೆ, ಕಾಲುಭಾಗವೆಂದರೆ ಹಾಕಿಸಬೇಕು ಎಂದು ನನ್ನದೇ ಲೆಕ್ಕ ಕಟ್ಟಿಕೊಂಡಿದ್ದೆ. ಈ ಸಲವಂತೂ ವಾರ ಕಳೆದರೂ ಮುಳ್ಳು ಇಳಿಯದಿದ್ದಾಗ, ಮೈಲೇಜ್ ಹೆಚ್ಚಿದೆಯೆಂದು ಮನೆಯಲ್ಲಿ ಹೇಳಿಕೊಂಡು ತಿರುಗಿದ್ದೂ ಉಂಟು.

ಮರುದಿನ ಕೋಲಾರದಲ್ಲಿ ಪರಿಚಯದ ಮೆಕ್ಯಾನಿಕ್ ಬಳಿಗೆ ಒಯ್ದೆ. ಆತ ಮೊದಲು ಉಷ್ಣಾಂಶದ ಮೀಟರ್ ಕೆಲಸ ಮಾಡುತ್ತಿರುವುದನ್ನು ನೋಡಿ ಫ್ಯೂಸ್ ಸರಿಯಿದೆ ಎಂದ. ಬಳಿಕ ಕೀ ಆನ್ ಮಾಡಿಸಿ, ಟ್ಯಾಂಕಿನಿಂದ ಮೀಟರಿಗೆ ಬರುವ ವೈರನ್ನು ಕಳಚಿದಾಗ ಮುಳ್ಳು ಸೊನ್ನೆಗೆ ಇಳಿಯಿತು. ಅದೇ ವೈರನ್ನು ಒಂದು ಹೊಳೆಯುವ ಬೋಲ್ಟಿಗೆ ಕೆಲವು ಕ್ಷಣ ಮುಟ್ಟಿಸಿದಾಗ ನಿಧಾನವಾಗಿ ಏರಿ ತುಂಬಿದ ಗುರುತು ತಲುಪಿತು. ಈ ಬಗೆಯ ಹಳೆಯ ಮೀಟರುಗಳಲ್ಲಿ ಕರೆಂಟಿನ ಕಾವಿಗೆ ಬಾಗುವ ಲೋಹದ ಪಟ್ಟಿಯೇ ಮುಳ್ಳನ್ನು ತಳ್ಳುವುದರಿಂದ ಅದಕ್ಕೆ ಅವಸರವಿಲ್ಲ. “ಮೀಟ್ರು, ವೈರು ಎರಡೂ ಚೆನ್ನಾಗಿವೆ ಮೇಷ್ಟ್ರೇ, ತೊಂದ್ರೆ ಟ್ಯಾಂಕ್ ಹತ್ರಾನೇ ಇದೆ” ಎಂದು ಹೇಳಿ, ಬ್ಯಾಟರಿಯ ವೈರು ಬಿಚ್ಚಿಟ್ಟು, ಬೀಡಿ ಸೇದುತ್ತಿದ್ದ ಒಬ್ಬರನ್ನು ದೂರ ಕಳಿಸಿ ಟ್ಯಾಂಕ್ ಇಳಿಸಿದ.

ಪೆಟ್ರೋಲಿನ ಮಟ್ಟವನ್ನು ಮೀಟರಿಗೆ ತಿಳಿಸುವ ಟ್ಯಾಂಕ್ ಯೂನಿಟ್ಟನ್ನು ಹೊರತೆಗೆದಾಗ ಅದರ ತೋಳಿನ ಕೀಲು ತುಕ್ಕು ಹಿಡಿದು, ತುದಿಯಲ್ಲಿ ಪೆಟ್ರೋಲಿನ ಮೇಲೆ ತೇಲಬೇಕಾದ ಫ್ಲೋಟು ಮೇಲೆಯೇ ನಿಂತುಬಿಟ್ಟಿತ್ತು. ಕಡೆಯ ಸಲ ಪೂರ್ತಿ ತುಂಬಿಸಿದಾಗ ಮೇಲೇರಿದ್ದು ಮತ್ತೆ ಇಳಿದೇ ಇರಲಿಲ್ಲ. ಹೊಸ ಯೂನಿಟ್ ಹಾಕಿದರೆ ಮುಗಿಯಿತು ಎಂದು ಆತ ಅಂಗಡಿಗೆ ಹುಡುಗನನ್ನು ಓಡಿಸಿದ. ಆದರೆ ಮೂವತ್ತು ವರ್ಷ ಓಮನ ನಿಯಮ ಕಲಿಸಿದ ನನಗೆ ಅಲ್ಲಿ ಲೆಕ್ಕ ತಾಳೆಯಾಗಲಿಲ್ಲ. ಫ್ಲೋಟು ಮೇಲೆಯೇ ಸಿಕ್ಕಿಕೊಂಡಿದ್ದರೆ ಮುಳ್ಳು ತುಂಬಿದೆ ಎನ್ನಬೇಕಿತ್ತು, ಅರ್ಧ ಎಂದದ್ದೇಕೆ?

ಆತ ಸ್ವಲ್ಪ ಹೊತ್ತು ಸುಮ್ಮನಿದ್ದು ಮಲ್ಟಿಮೀಟರ್ ತಂದ. ಯೂನಿಟ್ಟಿನ ಎರಡು ತುದಿಗಳ ನಡುವೆ ಕರೆಂಟಿಗಿರುವ ತಡೆ 5 ಓಮ್ ಬಂತು. ನಮ್ಮ ವ್ಯಾನಿನಲ್ಲಿ ಅದು ತುಂಬಿದ ಟ್ಯಾಂಕಿನ ಲೆಕ್ಕ, ಖಾಲಿಯಾದಾಗ ನೂರರ ಆಸುಪಾಸಿಗೆ ಏರಬೇಕು. ಆಮೇಲೆ ಯೂನಿಟ್ಟಿನಿಂದ ಕರೆಂಟು ಮರಳುವ ಅರ್ತ್ ವೈರಿನಿಂದ ಚಾಸಿಗೆ, ಅಂದರೆ ವ್ಯಾನಿನ ಕಬ್ಬಿಣದ ಚೌಕಟ್ಟಿಗೆ, ಅಳೆದರೆ ಇನ್ನೂ 30 ಓಮ್! ಒಂದೂ ಇರಬಾರದ ಜಾಗವದು. ಹಿಂದಿನ ಚಕ್ರದ ಕೆಸರು ಸಿಡಿಯುವ ಕಡೆಯಲ್ಲೇ ಆ ವೈರಿನ ಬೋಲ್ಟು ಇದ್ದು, ತಾಮ್ರಕ್ಕೆ ಹಸಿರು ಕಿಲುಬು, ಕಬ್ಬಿಣಕ್ಕೆ ತುಕ್ಕು ಹತ್ತಿತ್ತು. ಮೊದಲ ಪರೀಕ್ಷೆಯಲ್ಲಿ ಬೇರೆ ಶುದ್ಧವಾದ ಬೋಲ್ಟಿಗೆ ಮುಟ್ಟಿಸಿದ್ದರಿಂದ ಈ ದೋಷ ಅಡಗಿಯೇ ಉಳಿದಿತ್ತು. ಫ್ಲೋಟು ತುಂಬಿದೆ ಎಂದು ಸುಳ್ಳು ಹೇಳಿತ್ತು, ಕೊಳೆತ ಅರ್ತ್ ಕರೆಂಟನ್ನು ಇನ್ನಷ್ಟು ತಡೆದು ಆ ಸುಳ್ಳನ್ನು ಅರ್ಧಕ್ಕೆ ಇಳಿಸಿತ್ತು. ಬರೀ ಯೂನಿಟ್ ಬದಲಿಸಿದ್ದರೆ ಹೊಸದೂ ಅರ್ಧದ ಹಾಡನ್ನೇ ಹಾಡುತ್ತಿತ್ತು.

ಮರಳುಕಾಗದದಿಂದ ಉಜ್ಜಿ, ಹೊಸ ಬೋಲ್ಟು ಬಿಗಿದು, ಮೇಲೆ ಗ್ರೀಸ್ ಬಳಿದದ್ದಕ್ಕೆ ಆತ ಹಣ ತೆಗೆದುಕೊಳ್ಳಲಿಲ್ಲ. ಯೂನಿಟ್ಟಿನದೂ ಟ್ಯಾಂಕ್ ಇಳಿಸಿದ್ದರದೂ ಮಾತ್ರ ಪಡೆದ. ಒಂದು ಕ್ರೇಟು ಬಾದಾಮಿ ಹಣ್ಣನ್ನು ಅಲ್ಲೇ ಇಳಿಸಿ ಬಂಕಿಗೆ ಹೋದೆ. ಟ್ಯಾಂಕ್ ತುಂಬಿಸಿ ಕೀ ತಿರುಗಿಸಿದಾಗ ಮುಳ್ಳು ಮೆಲ್ಲಗೆ ಅರ್ಧಕ್ಕೆ ಬಂತು, ಇನ್ನೂ ಏರತೊಡಗಿತು. ಅದು ಕೊನೆಯ ಗೆರೆ ಮುಟ್ಟುವುದನ್ನು ನೋಡುತ್ತ ಕುಳಿತಿದ್ದ ನನ್ನ ಹಿಂದೆ ಟೊಮೇಟೊ ಗಾಡಿಯವನು ಎರಡು ಸಲ ಹಾರನ್ ಒತ್ತಿದ.